ಬಾಲರ ಉಚ್ಚಾರಣೆಯೂ ಚಿತ್ರಚೀಟಿಯ ಆಟವೂ

ಬಾಲಕರಿಗೆ ಅಕ್ಷರವನ್ನು ಬರೆಯಿಸುವುದಷ್ಟೇ ಅಲ್ಲದೆ ಅದನ್ನು ಸರಿಯಾಗಿ ನುಡಿಯಿಸುವುದೂ ವಿದ್ಯೆಯೆಂಬುದು ನಮ್ಮ ದೇಶದ ಪುರಾತನ ಮತ. ಆರು ವೇದಾಂಗಗಳಲ್ಲಿ ಶಿಕ್ಷೆಯನ್ನು ಮೊದಲು ಎಣಿಸುವುದು ವಾಡಿಕೆ. ಪಾಣಿನೀಯ ಶಿಕ್ಷೆಯು ವರ್ಣಗಳಿಗೆ ಎದೆ, ಕಂಠ, ಶಿರಸ್ಸು, ಜಿಹ್ವಾಮೂಲ, ದಂತ, ನಾಸಿಕ, ಓಷ್ಠ, ತಾಲು ಎಂದು ಎಂಟು ಸ್ಥಾನಗಳನ್ನು ಹೇಳುತ್ತದೆ. ಹೆಣ್ಣುಹುಲಿಯು ಮರಿಗಳನ್ನು ಹಲ್ಲಿನಲ್ಲಿ ಹಿಡಿದೊಯ್ಯುವಾಗ ಅವು ಬೀಳದಂತೆಯೂ ನೋಯದಂತೆಯೂ ಎಚ್ಚರವಹಿಸುವ ಹಾಗೆ ವರ್ಣಗಳನ್ನು ನುಡಿಯಬೇಕೆಂಬುದು ಅದರ ಉಪಮೆ. ಕನ್ನಡ ವರ್ಣಮಾಲೆಯ ಐದು ವರ್ಗಗಳು ಗಂಟಲಿನಿಂದ ತುಟಿಯವರೆಗೆ ಕ್ರಮವಾಗಿ ಬರುವುದೂ ಈ ಶಾಸ್ತ್ರದ ಫಲವೇ. ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತ ಗಟ್ಟಿಯಾಗಿ ಹೇಳುತ್ತಿದ್ದ ಪಾಠವು ಕೈಗೂ ನಾಲಿಗೆಗೂ ಏಕಕಾಲದ ಸಾಧನೆಯಾಗಿತ್ತು.

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯಲ್ಲಿ ಈ ಸಾಧನೆ ಅಷ್ಟು ಸುಲಭವಾದುದಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಚಿತ್ಪಾವನಿ ಮುಂತಾದ ಮಾತುಗಳು. ಶಾಲೆಯಲ್ಲಿಯೋ ಗ್ರಾಂಥಿಕ ಕನ್ನಡ. ತುಳುವಿನ ಸಾಮಾನ್ಯ ಆಡುನುಡಿಯಲ್ಲಿ ಮಹಾಪ್ರಾಣಗಳಿಗೆ ಎಡೆಯಿಲ್ಲ. ಕೆಲವೆಡೆ ಳಕಾರವು ಲಕಾರದಲ್ಲಿ ಲೀನವಾಗಿದೆ. ಇತ್ತ, ತುಳು ಪದಗಳ ಕೊನೆಯಲ್ಲಿ ಬರುವ, ತುಟಿ ದುಂಡಗಾಗದ ಉಕಾರಕ್ಕೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರವೇ ಇಲ್ಲ. ಆದುದರಿಂದ ಮನೆಮಾತಿನ ಛಾಯೆಯನ್ನು ದೋಷವೆನ್ನುವುದು ನ್ಯಾಯವಲ್ಲ. ಆದರೂ ಪಾಠವನ್ನೋದುವ ಮಗುವನ್ನು ಕಂಡು ತರಗತಿಯೆಲ್ಲ ನಕ್ಕಿತೆಂದರೆ ಅದು ಮರುದಿನ ಬಾಯಿ ತೆರೆಯಲೊಲ್ಲದು. ನಗೆಗೀಡಾದ ನಾಲಿಗೆ ತಿದ್ದುಪಡಿಗೆ ಒಳಗಾಗುವುದಿಲ್ಲ, ಮೂಕವಾಗುತ್ತದೆ.

ಈ ಮರ್ಮವನ್ನರಿತವರಲ್ಲಿ ಅಗ್ರಗಣ್ಯರು 1874ರಲ್ಲಿ ಬಂಟವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು. ಉಪಾಧ್ಯಾಯರಾಗಿಯೂ ಶಾಲಾ ಇನ್ಸ್‌ಪೆಕ್ಟರರಾಗಿಯೂ ಮಕ್ಕಳನ್ನು ಹತ್ತಿರದಿಂದ ಕಂಡ ಅವರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ ಶಿಶುಗೀತೆಗಳಲ್ಲಿ ಪ್ರಾಸಾನುಪ್ರಾಸಗಳಿಂದ ಒಂದೇ ವರ್ಣವು ಮತ್ತೆ ಮತ್ತೆ ಮರಳುವುದರಿಂದ ಮಗು ಹಾಡುತ್ತ ಹಾಡುತ್ತಲೇ ತಿದ್ದಿಕೊಳ್ಳುವುದು.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾದ ಮೇಲೆ ಈ ವಿದ್ಯೆಗೆ ನಮ್ಮ ನಾಡಿನಲ್ಲಿಯೇ ಒಂದು ಪೀಠ ದೊರೆಯಿತು. ವಾಕ್‌ಚಿಕಿತ್ಸಕರು ಬಳಸುವ ಸಾಧನಗಳಲ್ಲಿ ಚಿತ್ರಚೀಟಿಯ ಆಟವೂ ಒಂದು. ಅದರ ಕ್ರಮ ಸರಳ. ಬಲೆ–ಬಳೆ, ಹುಲಿ–ಹುಳಿ, ಮನೆ–ಮಣೆ ಎಂಬಂತೆ ಒಂದೇ ವರ್ಣದಿಂದ ಭೇದಗೊಳ್ಳುವ ಪದಗಳ ಚಿತ್ರಗಳನ್ನು ಚೀಟಿಗಳ ಮೇಲೆ ಬರೆದು ಹರಡುವುದು. ಒಂದು ಮಗು ಹೆಸರು ಹೇಳಿದರೆ ಇನ್ನೊಂದು ಆ ಚೀಟಿಯನ್ನೆತ್ತಿ ಕೊಡುವುದು. ಬಳೆಯನ್ನು ಬಯಸಿದ ಹುಡುಗಿಯ ಕೈಗೆ ಬಲೆ ಬಂದರೆ ಯಾರೂ ಗದರಬೇಕಾಗಿಲ್ಲ. ನಾಲಿಗೆಯನ್ನು ಮೇಲಕ್ಕೆ ಮಡಿಚಬೇಕೆಂದು ಅವಳೇ ಅರಿತು ಮತ್ತೊಮ್ಮೆ ಕೇಳುವಳು. ಆಟದಿಂದಲೂ ತಿದ್ದದ ಮಗುವಿಗೆ ಮೊದಲು ಕಿವಿಯ ಪರೀಕ್ಷೆಯಾಗಬೇಕು. ಸರಿಯಾಗಿ ಕೇಳದುದನ್ನು ನಾಲಿಗೆ ನುಡಿಯುವುದೆಂತು?

ಶಿಕ್ಷೆಯೆಂಬ ಶಬ್ದಕ್ಕೆ ಕಲಿಕೆಯೇ ಮೂಲಾರ್ಥ. ದಂಡನೆಯೆಂಬ ಅರ್ಥ ಆಮೇಲೆ ಬಂದುದು. ಮರಿಯು ಬೀಳಬಾರದೆಂಬುದನ್ನು ಶಾಲೆಗಳು ಎಂದೂ ಮರೆತಿಲ್ಲ. ನೋಯಲೂ ಬಾರದೆಂಬ ಉಪಮೆಯ ಉತ್ತರಾರ್ಧವನ್ನು ನೆನಪಿಗೆ ತರುವುದಕ್ಕೆ ಹತ್ತು ಚೀಟಿಗಳು ಸಾಕು.