ಅರಿಕೆ

ಹಲವು ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ‘ಲೇಖಕರ ಅರಿಕೆ’ ಇರುತ್ತದೆ. ಕ್ರೈಸ್ತ ಸಭೆಯ ಆರಾಧನೆಯಲ್ಲಿ ‘ಪಾಪದ ಅರಿಕೆ’. ‘ಅರಿ’ಯಿಂದ ಹುಟ್ಟಿದ ಮಾತು: ತಾನು ಅರಿತದ್ದನ್ನು ಇನ್ನೊಬ್ಬರಿಗೂ ಅರಿವಾಗುವಂತೆ ಹೇಳುವುದು.

ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ಆಡುಮಾತಿನಲ್ಲಿ ಇದಕ್ಕೆ ನೆರೆಹೊರೆಯ ಮಾತುಗಳಿವೆ. 1948ರವರೆಗೆ ನಿಜಾಮನ ಸೀಮೆಯಾಗಿದ್ದ ಈ ನೆಲದಲ್ಲಿ ತಪ್ಪನ್ನು ‘ಕಬೂಲ್’ ಮಾಡುತ್ತಾರೆ. ಉರ್ದುವಿನಿಂದ ಬಂದ ಅದು ಠಾಣೆಯ, ಪಂಚಾಯ್ತಿಯ ಮಾತು. ಅದರ ಬೆನ್ನಿಗೇ ದಂಡ. ‘ತಪ್ಪಾತ್ರಿ’ ಅಂದರೆ ಜಗಳ ನಿಲ್ಲುತ್ತದೆ, ತಪ್ಪು ಯಾವುದೆಂದು ಬಾಯಿಬಿಡಬೇಕಿಲ್ಲ. ತುಂಗಭದ್ರಾ ಕಾಲುವೆಯ ನೀರನ್ನು ನಂಬಿ ಬಂದು ಗಂಗಾವತಿಯ ಕ್ಯಾಂಪುಗಳಲ್ಲಿ ನೆಲೆನಿಂತ ತೆಲುಗು ಕ್ರೈಸ್ತರದು ‘ಒಪ್ಪುಕೋಲು’. ಕಥೋಲಿಕರದು ‘ಪಾಪನಿವೇದನೆ’, ಕೇಳಿಸಿಕೊಂಡ ಗುರು ಪ್ರಾಣ ಹೋದರೂ ಅದನ್ನು ಹೊರಗೆಡಹುವಂತಿಲ್ಲ.

ಬೈಬಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಅರಿಕೆಯನ್ನು ಗುರುಗಳಿಗಷ್ಟೇ ಬಿಡದೆ ವಿಶ್ವಾಸಿಗಳ ನಡುವೆಯೇ ಇಡುತ್ತದೆ. ಒಬ್ಬರಿಗೊಬ್ಬರು ಅರಿಕೆ ಮಾಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕು, ಅದರಿಂದ ಗುಣವಾಗಬೇಕು. ಕಬೂಲಿಗೆ ದಂಡ ಹೇಗೋ ಹಾಗೆ ಅರಿಕೆಗೆ ಆರೋಗ್ಯ.

ಆದರೆ ಸಭೆಗಳಲ್ಲಿ ಹೆಚ್ಚು ಕೇಳುವುದು ‘ಸಾಕ್ಷಿ’, ದೇವರು ತನ್ನನ್ನು ಬದಲಿಸಿದ ಕಥೆ. ಸಾಕ್ಷಿಯ ಕ್ರಿಯಾಪದ ಯಾವಾಗಲೂ ಭೂತಕಾಲದ್ದು: ‘ಕುಡೀತಿದ್ದೆ, ಬಿಟ್ಟೆ.’ ಸ್ತೋತ್ರ ಮೊಳಗುತ್ತದೆ. ‘ಈಗಲೂ ಕುಡೀತೀನ್ರಿ, ಬಿಡಾಕ ಆಗವಲ್ದು’ ಅನ್ನುವವನಿಗೆ ಜಾಗವಿಲ್ಲ. ಅಂಥವನು ಮೊದಲು ಹಿಂದಿನ ಸಾಲಿಗೆ ಸರಿಯುತ್ತಾನೆ, ಆಮೇಲೆ ಬರುವುದನ್ನೇ ಬಿಡುತ್ತಾನೆ. ಜರ್ಮನಿಯ ಪಾದ್ರಿ ದೀಟ್ರಿಶ್ ಬೋನ್‌ಹೋಫರ್ 1939ರಲ್ಲಿ ಪ್ರಕಟವಾದ, ಸಹಜೀವನದ ಬಗೆಗಿನ ಪುಸ್ತಕದಲ್ಲಿ ಇದೇ ನೋವನ್ನು ಗುರುತಿಸಿದರು: ಭಕ್ತರ ಕೂಟದಲ್ಲಿ ಪಾಪಿಯಾಗಿರಲು ಯಾರಿಗೂ ಅವಕಾಶವಿಲ್ಲದಿದ್ದರೆ ಎಲ್ಲರೂ ಮುಚ್ಚಿಟ್ಟುಕೊಂಡು ಒಂಟಿಯಾಗುತ್ತಾರೆ.

ಮುಚ್ಚಿಡಲು ಕಾರಣ ಬರಿಯ ಅಹಂಕಾರವಲ್ಲ, ಭಯ. ಸಣ್ಣ ಊರಿನಲ್ಲಿ ಪ್ರಾರ್ಥನೆಗೆಂದು ಹೇಳಿದ ಮಾತು ಸಂಜೆಯೊಳಗೆ ಓಣಿಯ ಮಾತಾಗುತ್ತದೆ. ಮಗಳ ಸಂಬಂಧ ಮುರಿಯುತ್ತದೆ. ಹಾಗಾಗಿ ಅರಿಕೆ ಮಾಡುವವನ ಧೈರ್ಯಕ್ಕಿಂತ ಮೊದಲು ಕೇಳುವವನ ನಂಬಿಕಸ್ತಿಕೆ ಗಟ್ಟಿಯಾಗಬೇಕು. ಗುಟ್ಟು ಕಾಯುವುದೆಂದರೆ ಅನ್ಯಾಯ ಮುಚ್ಚುವುದಲ್ಲ. ಹೆಂಡತಿಗೆ ಹೊಡೆದವನು ಅರಿಕೆ ಮಾಡಿದನೆಂದು ಪೆಟ್ಟು ತಿಂದವಳನ್ನು ಮರೆಯುವಂತಿಲ್ಲ. ಅವಳ ರಕ್ಷಣೆ ಮೊದಲು.

ಸಭೆಯ ಹಿರಿಯರಲ್ಲಿ, ಪಾಸ್ಟರುಗಳಲ್ಲಿ ನನ್ನದೊಂದು ಅರಿಕೆ: ವರ್ತಮಾನಕಾಲದಲ್ಲಿ ಮಾತಾಡಲು ನೀವೇ ಮೊದಲಾಗಿ. ನಿಮ್ಮ ದೌರ್ಬಲ್ಯ ನೀವು ಹೇಳಿದ ದಿನ ಹಿಂದಿನ ಸಾಲಿನವನಿಗೂ ಬಾಯಿ ಬರುತ್ತದೆ. ಅವನು ಹೇಳಿದ್ದನ್ನು ದೇವರ ಮುಂದಿಡಿ, ಊರ ಮುಂದೆ ಬೇಡ.