ಕರಗಸದಿಂದ ಚೈನ್ ಸಾ ವರೆಗೆ: ನಮ್ಮ ಭಾಗದಲ್ಲಿ ದಿಮ್ಮಿ ಸೀಳಿದ ಕಥೆ



ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿರಿ ಎಂದು ಕಾರ್ಯದರ್ಶಿಗಳು ಕೇಳಿದರು. ಸಾಲ, ಷೇರು ಬಂಡವಾಳ, ಗೊಬ್ಬರ ವಿತರಣೆ ಇವುಗಳ ಬಗ್ಗೆ ಬರೆಯುವವರು ಸಾಕಷ್ಟು ಜನ ಇದ್ದಾರೆ. ನಾನು ಕಟ್ಟಿಗೆ ಬಗ್ಗೆ ಬರೀತೀನಿ ಅಂದೆ. ಅವರು ನಕ್ಕರು. ಆದರೆ ನಮ್ಮ ಸದಸ್ಯರ ಪೈಕಿ ಬದುವಿನ ಮೇಲೆ ಒಂದಾದರೂ ಬೇವು, ಜಾಲಿ, ಹುಣಸೆ ಇಲ್ಲದ ರೈತ ಯಾರಿದ್ದಾನೆ? ಆ ಮರ ಮಾರುವಾಗ ನಮಗೆ ಎಷ್ಟು ಸಿಗುತ್ತದೆ, ಅದೇ ಮರ ಹಲಗೆಯಾಗಿ ನಮ್ಮ ಮನೆಗೆ ವಾಪಸ್ ಬರುವಾಗ ನಾವು ಎಷ್ಟು ಕೊಡುತ್ತೇವೆ, ಇದನ್ನು ಲೆಕ್ಕ ಹಾಕಿದವರು ಕಡಿಮೆ. ಆದ್ದರಿಂದ ಈ ವಿಷಯ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳು ಬಯಲು ಸೀಮೆ. ನಿಪ್ಪಾಣಿ ಮೊದಲು ಚಿಕ್ಕೋಡಿಯಲ್ಲೂ ಕಾಗವಾಡ ಅಥಣಿಯಲ್ಲೂ ಇದ್ದವು, ತಾಲೂಕು ಆದದ್ದು ಈಚೆಗೆ. ಖಾನಾಪುರದವರಿಗೆ ಇರುವಂಥ ಅಡವಿ ನಮಗಿಲ್ಲ. ನಮ್ಮ ಅಡವಿ ಅಂದರೆ ಹೊಲದ ಬದು, ಹಳ್ಳದ ದಂಡೆ, ಗುಡಿಯ ಮುಂದಿನ ಕಟ್ಟೆ. ಎರೆ ಹೊಲದಲ್ಲಿ ಜಾಲಿ, ಮನೆ ಹತ್ತಿರ ಬೇವು, ದಾರಿ ಬದಿಗೆ ಹುಣಸೆ, ತೋಟದಲ್ಲಿ ಮಾವು. ಇಷ್ಟರಿಂದಲೇ ನಮ್ಮ ಹಿರಿಯರು ನೇಗಿಲು, ಕುಂಟೆ, ಕೂರಿಗೆ, ನೊಗ, ಗಾಡಿಯ ಗಾಲಿ, ಮನೆಯ ತೊಲೆ, ಜಂತಿ, ಹೊಸ್ತಿಲು ಎಲ್ಲಾ ಮಾಡಿಕೊಂಡರು.

ಮರ ಕಡಿಯುವುದು ಕೊಡಲಿಯ ಕೆಲಸ. ಆದರೆ ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ತೆಗೆಯುವುದು ಬೇರೆ ವಿದ್ಯೆ. ಅದಕ್ಕೆ ಕರಗಸ ಬೇಕು. ನಮ್ಮ ಗಡಿ ಊರುಗಳಲ್ಲಿ ಮರಾಠಿಯ ‘ಕರವತ’ ಅನ್ನುವ ಶಬ್ದವೂ ಬಳಕೆಯಲ್ಲಿದೆ. ಅದರ ಮೂಲ ಸಂಸ್ಕೃತದ ‘ಕರಪತ್ರ’. ಇವತ್ತು ನಾವು ಚುನಾವಣೆಯಲ್ಲಿ ಹಂಚುವ ಕಾಗದಕ್ಕೆ ಕರಪತ್ರ ಅಂತೀವಿ, ಹಿಂದಿನವರಿಗೆ ಅದು ಗರಗಸ. ಎರಡೂ ಕೊಯ್ಯುತ್ತವೆ ಬಿಡಿ.

ದೊಡ್ಡ ದಿಮ್ಮಿ ಸೀಳುವ ಕರಗಸಕ್ಕೆ ಇಬ್ಬರು ಬೇಕು. ದಿಮ್ಮಿಯನ್ನು ಒಂದು ಕುಣಿಯ ಮೇಲೆ ಅಡ್ಡ ಇಡುತ್ತಿದ್ದರು, ಇಲ್ಲವೇ ಕವಲು ಕಂಬ ನಿಲ್ಲಿಸಿ ಅದರ ಮೇಲೆ ಏರಿಸುತ್ತಿದ್ದರು. ನೂಲನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ, ಎರಡು ತುದಿ ಬಿಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ದಿಮ್ಮಿಯ ಮೇಲೆ ನೆಟ್ಟಗೆ ಗೆರೆ ಬೀಳುತ್ತಿತ್ತು. ಮೇಲೆ ನಿಂತವನು ಆ ಗೆರೆ ನೋಡಿ ಕರಗಸ ನಡೆಸುವವನು, ಅವನೇ ಹಿರಿಯ. ಕೆಳಗೆ ನಿಂತವನು ಎಳೆಯುವವನು, ಅವನ ಕಣ್ಣು ಬಾಯಿ ತುಂಬಾ ಹೊಟ್ಟು. ಒಂದು ದೊಡ್ಡ ದಿಮ್ಮಿಗೆ ದಿನಗಟ್ಟಲೆ ಕೆಲಸ. ನಮ್ಮ ಅಜ್ಜ ಹೇಳತಿದ್ರು, ಕೆಳಗಿನವನಿಗೆ ಮಜ್ಜಿಗೆ ಒಂದು ಚರಿಗೆ ಹೆಚ್ಚು ಕೊಡಬೇಕು ಅಂತ.

ಈ ಕೆಲಸದವರು ಬೇರೆ, ಊರಿನ ಬಡಿಗೇರ ಬೇರೆ. ಬಡಿಗೇರರಿಗೆ ಸುಗ್ಗಿಯಲ್ಲಿ ಕಣದಿಂದ ಆಯ ಹೋಗುತ್ತಿತ್ತು, ವರ್ಷವಿಡೀ ನೇಗಿಲು ಕುಂಟೆ ರಿಪೇರಿ ಅವರದು. ದಿಮ್ಮಿ ಸೀಳುವವರು ಮಾತ್ರ ಊರೂರು ತಿರುಗುವವರು, ಕರಗಸ ಹೆಗಲ ಮೇಲೆ ಹೊತ್ತು ಬಂದು ಕೂಲಿ ಮಾತಾಡಿ ಸೀಳಿ ಮುಂದಿನ ಊರಿಗೆ ಹೋಗುವವರು. ಅವರ ಹೆಸರು ಯಾವ ದಫ್ತರದಲ್ಲೂ ಇಲ್ಲ.

ಜಾಲಿಯ ವಿಷಯ ಒಂದು ಮಾತು ಹೇಳಲೇಬೇಕು. ಜಾಲಿ ದಿಮ್ಮಿಯನ್ನು ಕಡಿದ ಕೂಡಲೇ ಸೀಳುತ್ತಿರಲಿಲ್ಲ, ಬಾವಿಯಲ್ಲೋ ಹಳ್ಳದ ಮಡುವಿನಲ್ಲೋ ಕೆಲವು ತಿಂಗಳು ಮುಳುಗಿಸಿ ಇಡುತ್ತಿದ್ದರು. ನೀರಿನಲ್ಲಿ ಮರದೊಳಗಿನ ಸಿಹಿ ರಸ ಇಳಿದು ಹೋಗುತ್ತದೆ, ಆಮೇಲೆ ಹುಳ ಹಿಡಿಯುವುದಿಲ್ಲ, ಬಿರುಕೂ ಕಡಿಮೆ. ಈಗಿನ ಕಟ್ಟಿಗೆ ಅಡ್ಡೆಗಳಲ್ಲಿ ಇಷ್ಟು ತಾಳ್ಮೆ ಯಾರಿಗಿದೆ?

ಸಾಗವಾನಿ, ಮತ್ತಿ, ಹೊನ್ನೆ ಬೇಕಾದರೆ ಹೊರಗಿನಿಂದ ತರಬೇಕಿತ್ತು. ಆ ಅಡವಿಗಳ ಮೇಲೆ ಸರಕಾರದ ಕೈ ಬಿದ್ದದ್ದು ಇಂಗ್ಲಿಷರ ಕಾಲದಲ್ಲಿ. ಮುಂಬೈ ಪ್ರಾಂತಕ್ಕೆ 1847ರಲ್ಲಿ ಡಾ. ಅಲೆಕ್ಸಾಂಡರ್ ಗಿಬ್ಸನ್ ಎಂಬವರನ್ನು ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿದರು. 1878ರಲ್ಲಿ ಅರಣ್ಯ ಕಾಯಿದೆ ಬಂತು, 1927ರಲ್ಲಿ ಅದನ್ನೇ ಮತ್ತೆ ಬಿಗಿ ಮಾಡಿದರು. ಆ 1927ರ ಕಾಯಿದೆಯ 41ನೇ ಕಲಂನಲ್ಲಿ ಸಾಗಾಣಿಕೆಯ ಜೊತೆಗೆ ದಿಮ್ಮಿ ಸೀಳುವ ಕುಣಿಯನ್ನೂ ಹೆಸರಿಸಿ, ಬೇಕಾದಲ್ಲಿ ನಿಷೇಧಿಸುವ ಅಧಿಕಾರ ಇಟ್ಟುಕೊಂಡಿದ್ದಾರೆ. ಇಬ್ಬರು ಬಡವರು ತೋಡಿದ ಕುಣಿಗೂ ಕಾಯಿದೆಯಲ್ಲಿ ಜಾಗ ಸಿಕ್ಕಿತು ನೋಡಿರಿ! ಅಥಣಿ, ಚಿಕ್ಕೋಡಿ ಮುಂಬೈ ಪ್ರಾಂತದಲ್ಲಿ ಇದ್ದವು, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಖಾನಾಪುರ, ಹಳಿಯಾಳ, ದಾಂಡೇಲಿಯ ಅಡವಿಗಳೂ ಅದೇ ರಾಜ್ಯದ ಅರಣ್ಯ ಇಲಾಖೆಗೆ ಹೋದವು.

1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಮಿರಜದಿಂದ ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ ಮಾರ್ಗವಾಗಿ ಬೆಳಗಾವಿ, ಲೋಂಡಾ ಕಡೆಗೆ ಹೋಯಿತು. ರೈಲು ನಮಗೆ ಸಾಗವಾನಿಯನ್ನು ಹತ್ತಿರ ತಂದಿತು. ಅದೇ ರೈಲು ಹಳಿಯ ಕೆಳಗೆ ಹಾಸುವ ಸ್ಲೀಪರಿಗಾಗಿ ದೇಶದ ಗಟ್ಟಿ ಮರಗಳನ್ನು ಲಕ್ಷಗಟ್ಟಲೆ ನುಂಗಿತು. ಈಗ ಸ್ಲೀಪರ್ ಸಿಮೆಂಟಿನವು.

ಇನ್ನು ಕಟ್ಟಿಗೆಯ ಕೆಲಸ ಕಡಿಮೆ ಆಗತೊಡಗಿದ್ದು ಹೇಗೆ? ಇದಕ್ಕೂ ನಮ್ಮ ಜಿಲ್ಲೆಯವರೇ ಒಬ್ಬರು ಕಾರಣ ಅಂದರೆ ಆಶ್ಚರ್ಯ ಆದೀತು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಔಂಧ ಸಂಸ್ಥಾನದ ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಮೊದಮೊದಲು ರೈತರು ಕಬ್ಬಿಣ ಭೂಮಿಗೆ ವಿಷ ಅಂತ ಮುಟ್ಟಲಿಲ್ಲವಂತೆ. ಆಮೇಲೆ ಕಟ್ಟಿಗೆಯ ನೇಗಿಲು ಹಿಂದೆ ಬಿತ್ತು. ಕಬ್ಬಿನ ಗಾಣದ ಕಟ್ಟಿಗೆ ಉರುಳೆ ಹೋಗಿ ಕಬ್ಬಿಣದ ಉರುಳೆ ಬಂತು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರಖಾನೆಯ ಕಂಪನಿ ಹುಟ್ಟಿತು, ಮುಂದೆ ಸಹಕಾರಿ ಕಾರಖಾನೆಗಳು ಎದ್ದವು, ಕಬ್ಬು ಹೇರಲು ಟೈರ್ ಗಾಡಿ ಬಂದವು. ಜಾಲಿ ಕಟ್ಟಿಗೆಯ ಗಾಲಿ ಹಿತ್ತಲಲ್ಲಿ ಗೋಡೆಗೆ ಆನಿಸಿಕೊಂಡಿತು. ಟ್ರಾಕ್ಟರ್ ತಿರುಗಲು ಅಡ್ಡಿ ಅಂತ ಬದು ಒಡೆದೆವು, ಕಬ್ಬಿಗೆ ನೆರಳು ಬೀಳುತ್ತದೆ ಅಂತ ಜಾಲಿ ಕಡಿದೆವು. ಯಾರೂ ಒತ್ತಾಯ ಮಾಡಲಿಲ್ಲ, ನಾವೇ ಮಾಡಿದ್ದು.

ಕರೆಂಟು ಬಂದ ಮೇಲೆ ತಾಲೂಕು ಊರುಗಳಲ್ಲಿ ಸಾ ಮಿಲ್ಲುಗಳಾದವು. ಪಟ್ಟಿಯಂತೆ ತಿರುಗುವ ಬ್ಯಾಂಡ್ ಸಾ ಒಂದು ದಿಮ್ಮಿಯನ್ನು ತಾಸಿನೊಳಗೆ ಸೀಳಿ ಹಾಕುತ್ತದೆ. ಕುಣಿಯ ಕರಗಸಕ್ಕೆ ಅಲ್ಲಿಗೆ ಕೆಲಸ ಮುಗಿಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರಣ್ಯದೊಳಗಿನ ಸಾ ಮಿಲ್ಲುಗಳನ್ನು ನಿಲ್ಲಿಸಲು ಆದೇಶ ಮಾಡಿತು. 2002ರಲ್ಲಿ, ಕೇಂದ್ರ ಉನ್ನತಾಧಿಕಾರ ಸಮಿತಿಯ ಪರವಾನಗಿ ಇಲ್ಲದೆ ಯಾವ ರಾಜ್ಯವೂ ಹೊಸ ಸಾ ಮಿಲ್ಲಿಗೆ ಅವಕಾಶ ಕೊಡಬಾರದು ಅಂದಿತು. ಅಡವಿ ಉಳಿಸಲು ಇದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿಲ್ಲು ಕೆಲವೇ ಇದ್ದಲ್ಲಿ ರೈತನ ಕೈಯಲ್ಲಿ ದರ ಇರುವುದಿಲ್ಲ.

ಈಗ ಅಳತೆಯ ಲೆಕ್ಕ ಸ್ವಲ್ಪ ನೋಡೋಣ, ದಯಮಾಡಿ ಪೆನ್ಸಿಲ್ ತಗೊಳ್ಳಿರಿ. ವ್ಯಾಪಾರಿ ಬಂದು ದಿಮ್ಮಿಯ ಸುತ್ತ ಟೇಪು ಹಿಡಿಯುತ್ತಾನೆ. ಸುತ್ತಳತೆ 80 ಇಂಚು, ಉದ್ದ 10 ಅಡಿ ಅನ್ನಿರಿ. 80ರ ಕಾಲು ಭಾಗ 20. ಇಪ್ಪತ್ತನ್ನು ಇಪ್ಪತ್ತರಿಂದ ಗುಣಿಸಿದರೆ 400, ಅದನ್ನು 10ರಿಂದ ಗುಣಿಸಿ 144ರಿಂದ ಭಾಗಿಸಿದರೆ ಸುಮಾರು 27.8 ಘನ ಅಡಿ. ಅಷ್ಟಕ್ಕೇ ದುಡ್ಡು. ನಾವು ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಹಾಕಿದರೆ ಅದೇ ದಿಮ್ಮಿ 35.4 ಘನ ಅಡಿ ಆಗುತ್ತದೆ. ಏಳೂವರೆ ಘನ ಅಡಿ ಎಲ್ಲಿ ಹೋಯಿತು? ಇದು ವ್ಯಾಪಾರಿ ಹುಟ್ಟಿಸಿದ ಮೋಸ ಅಲ್ಲ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಹಾಪಸ್ ಎಂಬವನು 1736ರಲ್ಲಿ ಇಂಥ ಲೆಕ್ಕದ ಕೋಷ್ಟಕ ಅಚ್ಚು ಹಾಕಿಸಿದ. ದುಂಡು ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಸಿಪ್ಪೆ, ಬೆನ್ನು ಹಲಗೆಯನ್ನು ಬಿಟ್ಟು ಲೆಕ್ಕ ಹಾಕುವುದು ಅದರ ಉದ್ದೇಶ. ಆದರೆ ಆ ಬೆನ್ನು ಹಲಗೆಗೂ ಹೊಟ್ಟಿಗೂ ಗಿರಾಕಿ ಇದ್ದಾರೆ. ಅದರ ದುಡ್ಡು ನಮಗೆ ಬರುವುದಿಲ್ಲ ಅನ್ನುವುದಷ್ಟೇ ನನ್ನ ತಕರಾರು.

ಈ ಜಾಗದಲ್ಲಿ ಚೈನ್ ಸಾ ಉಪಯೋಗಕ್ಕೆ ಬರುತ್ತದೆ. ಸರಪಳಿಯ ಗರಗಸ ಮೊದಲು ಬಂದದ್ದು ಮರಕ್ಕಲ್ಲ, ಡಾಕ್ಟರರ ಕೈಗೆ! 1830ರ ಸುಮಾರಿಗೆ ಜರ್ಮನಿಯ ಬರ್ನಾರ್ಡ್ ಹೈನ್ ಎಂಬವರು ಎಲುಬು ಕೊಯ್ಯಲು ಕೈಯಿಂದ ತಿರುಗಿಸುವ ಚಿಕ್ಕ ಸರಪಳಿ ಗರಗಸ ಮಾಡಿದ್ದರು. ಮರಕ್ಕೆ ಬಂದದ್ದು ಸುಮಾರು ನೂರು ವರ್ಷದ ಮೇಲೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನದು, 1929ರಲ್ಲಿ ಪೆಟ್ರೋಲಿನದು ಮಾಡಿದರು. ಅವು ಇಬ್ಬರು ಹೊರುವಷ್ಟು ಭಾರ, ಒಬ್ಬನೇ ಹಿಡಿಯುವಂಥದನ್ನು ಸ್ಟಿಲ್ ತಂದದ್ದು 1950ರಲ್ಲಿ. ಅಮೆರಿಕದ ಜೋ ಕಾಕ್ಸ್ ಎಂಬ ಮರ ಕಡಿಯುವವನು, ಮರದಲ್ಲಿ ಹುಳ ಎಡಕ್ಕೂ ಬಲಕ್ಕೂ ಕಡಿಯುತ್ತಾ ಸಾಗುವುದನ್ನು ನೋಡಿ, ಅದರ ಬಾಯಿಯಂತೆ ಸರಪಳಿಯ ಹಲ್ಲು ಮಾಡಿ 1947ರಲ್ಲಿ ಮಾರಾಟಕ್ಕೆ ತಂದ. ಇಂದಿನ ಸರಪಳಿಗಳು ಅದೇ ಜಾತಿಯವು. ಹುಳದಿಂದ ಕಲಿಯುವ ಬುದ್ಧಿ ಇದ್ದವನು ಗೆದ್ದ.

ಬರಿ ಚೈನ್ ಸಾ ಹಿಡಿದು ಉದ್ದಕ್ಕೆ ಸೀಳಲು ಹೋದರೆ ಹಲಗೆ ಹಾವಿನಂತೆ ಡೊಂಕಾಗುತ್ತದೆ. ಅದಕ್ಕೆ ಪಟ್ಟಿಗೆ ಒಂದು ಚೌಕಟ್ಟು ಬಿಗಿಯಬೇಕು. ಮೊದಲ ಕೊಯ್ತಕ್ಕೆ ದಿಮ್ಮಿಯ ಮೇಲೆ ನೆಟ್ಟಗಿನ ಏಣಿ ಅಥವಾ ಹಲಗೆ ಬಡಿದು ಅದರ ಮೇಲೆ ಚೌಕಟ್ಟು ಜಾರಿಸಬೇಕು. ಎರಡನೆಯದಕ್ಕೆ ಮೊದಲನೆಯ ಕೊಯ್ತದ ಮೈಯೇ ದಾರಿ. ಸರಪಳಿಯೂ ಬೇರೆ. ಅಡ್ಡ ಕೊಯ್ಯುವ ಹಲ್ಲನ್ನು 30 ಡಿಗ್ರಿ ಓರೆಗೆ ಅರೆದಿರುತ್ತಾರೆ, ಉದ್ದ ಸೀಳಲು 10 ಡಿಗ್ರಿ ಸಾಕು. ಮಷಿನ್ನಿಗೂ ತಾಕತ್ತು ಬೇಕು, ತೆಂಗಿನ ಗರಿ ಕೊಯ್ಯುವ ಚಿಕ್ಕ ಮಷಿನ್ನು ಹುಣಸೆ ದಿಮ್ಮಿಯಲ್ಲಿ ಸುಟ್ಟು ಹೋಗುತ್ತದೆ.

ಹಾಗಾದರೆ ಸಾ ಮಿಲ್ಲು ಬಿಟ್ಟು ಎಲ್ಲಾ ಇದರಲ್ಲೇ ಸೀಳಿಸೋಣವೇ? ಬೇಡ. ಮತ್ತೆ ಲೆಕ್ಕ ನೋಡಿರಿ. ಚೈನ್ ಸಾ ಒಂದು ಕೊಯ್ತಕ್ಕೆ ಸುಮಾರು 3 ನೂಲು, ಅಂದರೆ ಇಂಚಿನ ಎಂಟರಲ್ಲಿ ಮೂರು ಭಾಗ, ಹೊಟ್ಟು ಮಾಡುತ್ತದೆ. 1 ನೂಲು ತಿನ್ನುವ ಗರಗಸದಿಂದ 20 ಇಂಚಿನ ಚೌಕ ದಿಮ್ಮಿಯಲ್ಲಿ ಒಂದಿಂಚಿನ ಹಲಗೆ 17 ಸಿಗುತ್ತವೆ. ಚೈನ್ ಸಾ ದಿಂದ 14 ಮಾತ್ರ. ಮೂರು ಹಲಗೆ ಗಾಳಿಗೆ ಹೋದಂತೆ. ಆದರೆ ಮೂರಿಂಚಿನ ದಪ್ಪ ಹಲಗೆ ತೆಗೆದರೆ ಎರಡರಲ್ಲೂ ಆರೇ ಸಿಗುತ್ತವೆ, ಲುಕ್ಸಾನೇ ಇಲ್ಲ. ಅಂದರೆ ತೆಳು ಹಲಗೆಗೆ ಮಿಲ್ಲು, ಹೊಸ್ತಿಲು, ತೊಲೆ, ದಪ್ಪ ಹಲಗೆಗೆ ಚೈನ್ ಸಾ. ಮಿಲ್ಲಿಗೆ ಒಯ್ಯಲು ಆಗದಷ್ಟು ದೊಡ್ಡ ದಿಮ್ಮಿಗೂ ಇದೇ.

2019ರ ಆಗಸ್ಟಿನ ಮಹಾಪೂರದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಎಷ್ಟೋ ಮರ ಬೇರು ಸಮೇತ ಬಿದ್ದವು. ನಮ್ಮ ಕಾಕಾನ ಹೊಲದ ಹುಣಸೆಯೂ ಬಿತ್ತು. ವ್ಯಾಪಾರಿಯೊಬ್ಬ ಬಂದು ಉರವಲ ದರಕ್ಕೆ ಕೇಳಿದ, ‘ಕೆಸರಾಗಿಂದ ಹೊರಗ ತಗಿಯೂದ ದೊಡ್ಡ ಖರ್ಚು ಐತ್ರಿ’ ಅಂದ. ಕಾಕಾ ಒಪ್ಪಲಿಲ್ಲ. ಕೆಸರು ಆರಿದ ಮೇಲೆ ಚೌಕಟ್ಟಿನ ಮಷಿನ್ನಿನವರನ್ನು ಕರೆಸಿ ಬಿದ್ದ ಜಾಗದಲ್ಲೇ ಸೀಳಿಸಿದ. ಎರಡನೇ ಕೊಯ್ತದಲ್ಲಿ ಕಿಡಿ ಹಾರಿತು. ನೋಡಿದರೆ ಮರದೊಳಗೆ ನಾಲ್ಕು ಇಂಚಿನ ಮೊಳೆ, ಯಾವ ಕಾಲದಲ್ಲಿ ಯಾರು ಬಡಿದದ್ದೋ! ಸರಪಳಿ ಬದಲಿಸಿ ಮುಂದೆ ಸೀಳಿದರು. ಬದುವಿನ ಮರದಲ್ಲಿ ಮೊಳೆ, ಬೇಲಿ ತಂತಿ ಇದ್ದೇ ಇರುತ್ತವೆ, ಮಷಿನ್ನು ಹಚ್ಚುವ ಮೊದಲು ತೊಗಟೆ ಕೆತ್ತಿ ನೋಡಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಬೂಟು ಬೇಕೇ ಬೇಕು. ನಮ್ಮ ಹುಡುಗರು ಚಪ್ಪಲಿ ಹಾಕಿಕೊಂಡು ಇದನ್ನು ನಡೆಸುವುದು ನೋಡಿದರೆ ಎದೆ ಝಲ್ ಅನ್ನುತ್ತದೆ.

ಈ ಮಷಿನ್ನು ಸುಲಭವಾದಷ್ಟು ಮರಕ್ಕೆ ಅಪಾಯ ಅನ್ನುವುದೂ ಸುಳ್ಳಲ್ಲ. ಆಫ್ರಿಕಾದ ಘಾನಾ ದೇಶದಲ್ಲಿ ಮಾರಾಟಕ್ಕಾಗಿ ಚೈನ್ ಸಾ ದಿಂದ ಹಲಗೆ ಸೀಳುವುದನ್ನು 1998ರಲ್ಲಿ ನಿಷೇಧ ಮಾಡಿದರು, ಆದರೂ ಕದ್ದು ಸೀಳುವುದು ನಿಲ್ಲಲಿಲ್ಲ. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ನೀಲಗಿರಿ, ಸರ್ವೆಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಉಳಿದಂತೆ ಸ್ವಂತ ಹೊಲದ ಮರವಾದರೂ ಕಡಿಯುವ ಮೊದಲು ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ಸಾಗಿಸುವ ಮೊದಲು ಪಾಸ್ ಬೇಕೋ ಬೇಡವೋ ಅಂತ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಸಂಘದಿಂದ ಒಂದು ದೊಡ್ಡ ಮಷಿನ್ನು, ಚೌಕಟ್ಟು ಖರೀದಿಸಿ ತರಬೇತಿ ಪಡೆದ ಇಬ್ಬರ ಕೈಯಲ್ಲಿ ಸದಸ್ಯರಿಗೆ ಬಾಡಿಗೆಗೆ ಕೊಡೋಣ ಎಂದು ನಾನು ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಇಟ್ಟಿದ್ದೇನೆ. ಬಿದ್ದ ಮರ, ಒಣಗಿದ ಮರ, ಪರವಾನಗಿ ಇದ್ದ ಮರ, ಇಷ್ಟಕ್ಕೆ ಮಾತ್ರ. ಕೆಲವು ನಿರ್ದೇಶಕರು ಜವಾಬ್ದಾರಿ ಯಾರದು ಅಂತ ಕೇಳಿದ್ದಾರೆ, ಕೇಳುವುದು ನ್ಯಾಯವೇ. ಸರ್ವ ಸಾಧಾರಣ ಸಭೆಯಲ್ಲಿ ತಾವೂ ಅಭಿಪ್ರಾಯ ಹೇಳಬೇಕು.

ಕಾಕಾನ ಹುಣಸೆ ಹಲಗೆಗಳನ್ನು ನೋಡಬೇಕೆನ್ನುವವರು ಬರಬಹುದು. ತುದಿಗೆ ಬಣ್ಣ ಬಳಿದು, ನಡುವೆ ರಿಪು ಇಟ್ಟು, ನೆರಳಿನಲ್ಲಿ ಒಂದರ ಮೇಲೊಂದು ಪೇರಿಸಿ ಒಣಗಿಸಿದ್ದು. ದಪ್ಪ ಹಲಗೆ ಇಂಚಿಗೆ ಒಂದು ವರ್ಷದಂತೆ ಒಣಗಬೇಕು ಅನ್ನುತ್ತಾರೆ. ಎರಡು ಹಲಗೆ ಕಾಕಾನ ಮಗನ ಮನೆಯ ಹೊಸ್ತಿಲಾದವು, ಒಂದು ಹಿಟ್ಟಿನ ಗಿರಣಿಯ ಮುಂದೆ ಕೂಡುವ ಬಾಕಾಗಿದೆ, ಉಳಿದವು ಇನ್ನೂ ದನದ ಕೊಟ್ಟಿಗೆಯ ಅಟ್ಟದ ಮೇಲೆ ಇವೆ.