ಹಳೆಯ ಸಬಾತಿಯೆ ಚಾಕು

ಹಳೆಯ ಸಬಾತಿಯೆ ಚಾಕುಗಳು ಎಂದರೆ ಫ್ರಾನ್ಸ್ ದೇಶದ ತಿಯೇರ್ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಇಂಗಾಲದ ಉಕ್ಕಿನಿಂದ, ಅಂದರೆ ಕಾರ್ಬನ್ ಸ್ಟೀಲಿನಿಂದ, ತಯಾರಾದ ಹಾಗೂ ಅಲಗಿನ ಮೇಲೆ 'ಸಬಾತಿಯೆ' ಎಂಬ ಹೆಸರನ್ನು ಹೊತ್ತಿರುವ ಅಡುಗೆ ಚಾಕುಗಳು. ಯುರೋಪ್ ಮತ್ತು ಅಮೆರಿಕದ ಹಳೆಯ ಸಾಮಾನುಗಳ ಸಂತೆಗಳಲ್ಲಿ, ಹರಾಜುಗಳಲ್ಲಿ ಹಾಗೂ ಅಂತರಜಾಲದ ಮಾರುಕಟ್ಟೆಗಳಲ್ಲಿ ಇವು ಇಂದಿಗೂ ದೊರೆಯುತ್ತವೆ. ಸಬಾತಿಯೆ ಎಂಬುದು ಒಂದೇ ಕಂಪನಿಯ ಹೆಸರಲ್ಲ. ಅನೇಕ ತಯಾರಕರು ಅದನ್ನು ಬಳಸಿರುವುದರಿಂದ ಹೆಸರನ್ನು ನೋಡಿ ಚಾಕುವಿನ ಗುಣಮಟ್ಟವನ್ನು ನಿರ್ಧರಿಸಲು ಸಾಧ್ಯವಿಲ್ಲ. ಬಳಸಿದ ಚಾಕುವನ್ನು ಕೊಳ್ಳುವವರು ಅದರ ಉಕ್ಕು, ಆಕಾರ ಮತ್ತು ಸವೆತವನ್ನೇ ಪರೀಕ್ಷಿಸಬೇಕಾಗುತ್ತದೆ.

ತಿಯೇರ್ ಪಟ್ಟಣ ಮತ್ತು ಹೆಸರಿನ ಹಿನ್ನೆಲೆ

ತಿಯೇರ್ ಮಧ್ಯ ಫ್ರಾನ್ಸ್‌ನ ಓವೆರ್ನ್ ಪ್ರದೇಶದ ಗುಡ್ಡಗಾಡಿನಲ್ಲಿರುವ ಪಟ್ಟಣ. ಚಾಕು ತಯಾರಿಕೆ ಇಲ್ಲಿನ ಶತಮಾನಗಳ ಹಳೆಯ ಕಸುಬು. ಪಟ್ಟಣದ ಮೂಲಕ ರಭಸವಾಗಿ ಇಳಿಯುವ ಡ್ಯುರೋಲ್ ನದಿಯ ನೀರು ಕುಲುಮೆಗಳ ಸುತ್ತಿಗೆಗಳನ್ನೂ ಸಾಣೆಚಕ್ರಗಳನ್ನೂ ತಿರುಗಿಸುತ್ತಿತ್ತು. ಸಾಣೆ ಹಿಡಿಯುವ ಕೆಲಸಗಾರರು ಚಕ್ರದ ಮೇಲ್ಭಾಗದಲ್ಲಿ ಹಾಸಿದ ಹಲಗೆಯ ಮೇಲೆ ಬೋರಲಾಗಿ ಮಲಗಿ, ಎರಡೂ ಕೈಗಳಿಂದ ಅಲಗನ್ನು ಕೆಳಗಿನ ಚಕ್ರಕ್ಕೆ ಒತ್ತುತ್ತಿದ್ದರು. ಚಳಿಯಲ್ಲಿ ಕಾಲುಗಳನ್ನು ಬೆಚ್ಚಗಿಡಲು ನಾಯಿಯನ್ನು ಕಾಲಿನ ಮೇಲೆ ಮಲಗಿಸಿಕೊಳ್ಳುವ ರೂಢಿಯೂ ಇತ್ತು. ಸಾಣೆಯ ಕೆಸರು ಮೈಗೆ ಸಿಡಿದು ಬಣ್ಣ ಹಿಡಿಯುತ್ತಿದ್ದುದರಿಂದ ಅವರಿಗೆ 'ಹಳದಿ ಹೊಟ್ಟೆಯವರು' ಎಂಬ ಅಡ್ಡಹೆಸರು ಬಂದಿತು. ಪಟ್ಟಣದಲ್ಲಿ ಈಗ ಚಾಕು ತಯಾರಿಕೆಯ ವಸ್ತುಸಂಗ್ರಹಾಲಯವಿದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಬಾತಿಯೆ ಎಂಬ ಮನೆತನದ ಹೆಸರುಳ್ಳ, ಪರಸ್ಪರ ಸಂಬಂಧವಿಲ್ಲದ ಇಬ್ಬರು ತಯಾರಕರು ಇಲ್ಲಿ ಚಾಕುಗಳಿಗೆ ತಮ್ಮ ಹೆಸರನ್ನು ಒತ್ತತೊಡಗಿದರು. ಒಬ್ಬರು ಮುತಿಯೆ ಬಡಾವಣೆಯ ಜಾನ್ ಸಬಾತಿಯೆ, ಇನ್ನೊಬ್ಬರು ಬೆಲ್ವ್ಯೂ ಎಂಬಲ್ಲಿನ ಫಿಲಿಪ್ ಸಬಾತಿಯೆ. ವ್ಯಾಪಾರಮುದ್ರೆಗಳ ರಕ್ಷಣೆ ಬಿಗಿಯಾಗಿರದ ಆ ಕಾಲದಲ್ಲಿ ಹೆಸರು ಬೇಗನೆ ಇತರರ ಕೈಗೂ ಹೋಯಿತು. ತಯಾರಕರು ತಮ್ಮನ್ನು ಬೇರ್ಪಡಿಸಿಕೊಳ್ಳಲು ಹೆಸರಿನ ಜೊತೆಗೆ ಇನ್ನೊಂದು ಚಿಹ್ನೆಯನ್ನು ಸೇರಿಸಿದರು. 'ಕೆ' ಅಕ್ಷರ, ನಾಲ್ಕು ನಕ್ಷತ್ರಗಳೊಂದಿಗೆ ಆನೆ, ಎರಡು ಸಿಂಹಗಳು ಇಂತಹ ಚಿಹ್ನೆಗಳಲ್ಲಿ ಹೆಚ್ಚು ಪರಿಚಿತವಾದವು. ಮುಂದೆ ಇದೇ ಹೆಸರಿನಲ್ಲಿ ಫ್ರಾನ್ಸ್‌ನ ಹೊರಗೆ ತಯಾರಾದ ಅಗ್ಗದ ಚಾಕುಗಳೂ ಮಾರುಕಟ್ಟೆಗೆ ಬಂದವು. ಜರ್ಮನಿಯ ಜೋಲಿಂಗೆನ್ ಪಟ್ಟಣದ ಹೆಸರಿಗೆ 1938ರಿಂದಲೇ ಕಾನೂನಿನ ರಕ್ಷಣೆಯಿದೆ. ಅದರೊಂದಿಗೆ ಹೋಲಿಸಿದರೆ ಸಬಾತಿಯೆ ಹೆಸರು ಬಹುಮಟ್ಟಿಗೆ ಬಾಗಿಲಿಲ್ಲದ ಮನೆಯಂತಾಯಿತು.

ಉಕ್ಕಿನ ಗುಣ

ಹಳೆಯ ಅಡುಗೆ ಚಾಕುಗಳ ಉಕ್ಕು ಕಬ್ಬಿಣ ಹಾಗೂ ಇಂಗಾಲದ ಸರಳ ಮಿಶ್ರಣ. ಇಂಗಾಲದ ಪ್ರಮಾಣ ಸಾಮಾನ್ಯವಾಗಿ ಶೇಕಡಾ 0.6ರಿಂದ 1ರಷ್ಟಿರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇದರ ಜೊತೆಗೆ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಸೇರಿರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂತಹ ಉಕ್ಕನ್ನು ಸಿದ್ಧಪಡಿಸಿದ ನಂತರ ಅದು ಮೊದಲು ಊಟದ ಮೇಜಿನ ಚಾಕುಗಳಿಗೆ ಬಂದಿತು. ಅಡುಗೆಮನೆಯ ಚಾಕುಗಳಲ್ಲಿ ಅದು ಮೇಲುಗೈ ಪಡೆದದ್ದು ಎರಡನೆಯ ಮಹಾಯುದ್ಧದ ನಂತರ.

ಇಂಗಾಲದ ಉಕ್ಕು ತುಕ್ಕು ಹಿಡಿಯುತ್ತದೆ, ಹುಳಿ ತಾಗಿದರೆ ಕಪ್ಪಾಗುತ್ತದೆ. ಆದರೆ ಸಾಣೆಕಲ್ಲಿಗೆ ಬೇಗನೆ ಒಲಿಯುತ್ತದೆ. ತಿಯೇರ್‌ನ ಹಳೆಯ ಅಲಗುಗಳು ಇಂದಿನ ಜಪಾನಿ ಚಾಕುಗಳಷ್ಟು ಗಡಸಲ್ಲ. ಆದ್ದರಿಂದ ಅವುಗಳ ಬಾಯಿ ಬೇಗ ಮೊಂಡಾಗುತ್ತದೆ, ಆದರೆ ಒಡೆದು ಚಕ್ಕೆ ಏಳುವುದು ಕಡಿಮೆ. ಉಕ್ಕಿನ ಸರಳಿಗೆ ನಾಲ್ಕಾರು ಬಾರಿ ಸವರಿದರೆ ಹರಿತ ಮರಳುತ್ತದೆ. ಈ ಚಾಕುಗಳ ಅಲಗು ಬೆನ್ನಿನಿಂದ ಬಾಯಿಯ ಕಡೆಗೂ, ಹಿಡಿಯಿಂದ ಮೊನೆಯ ಕಡೆಗೂ ಕ್ರಮವಾಗಿ ತೆಳುವಾಗುತ್ತದೆ. ಇಂದಿನ ಅಗ್ಗದ ಚಾಕುಗಳಲ್ಲಿ ಅಪರೂಪವಾಗಿರುವ ಈ ಇಳಿತವೇ ಹಳೆಯ ಚಾಕುಗಳನ್ನು ಹುಡುಕುವುದಕ್ಕೆ ಮುಖ್ಯ ಕಾರಣ.

ಕಾಲವನ್ನು ಸೂಚಿಸುವ ಗುರುತುಗಳು

ಅಲಗಿನ ಮೇಲಿನ ಬರಹ ತಯಾರಕರ ಬಗ್ಗೆ ಹೇಳುವುದಕ್ಕಿಂತ ಕಾಲದ ಬಗ್ಗೆ ಹೆಚ್ಚು ಹೇಳುತ್ತದೆ. 'ಇನಾಕ್ಸ್' ಎಂದಿದ್ದರೆ ಅದು ತುಕ್ಕು ಹಿಡಿಯದ ಉಕ್ಕು. 'ಆಸಿಯೆ ಫೊಂದ್ಯು' ಎಂದರೆ ಎರಕದ ಉಕ್ಕು, 'ಆಸಿಯೆ ಫೋರ್ಜೆ' ಎಂದರೆ ಬಡಿದು ರೂಪಿಸಿದ ಉಕ್ಕು. ಆಮದು ಸರಕುಗಳ ಮೇಲೆ ಮೂಲ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕೆಂದು ಅಮೆರಿಕ 1890ರ ಸುಂಕ ಕಾಯಿದೆಯಲ್ಲಿ ವಿಧಿಸಿತು. ಹೀಗಾಗಿ ಇಂಗ್ಲಿಷಿನಲ್ಲಿ ಫ್ರಾನ್ಸ್‌ನ ಹೆಸರಿರುವ ಚಾಕು ಸಾಮಾನ್ಯವಾಗಿ ಅದರ ನಂತರ ರಫ್ತಿಗಾಗಿ ತಯಾರಾದದ್ದು.

ಹಿಡಿಯ ಜೋಡಣೆಯೂ ಸುಳಿವು ನೀಡುತ್ತದೆ. ಒಂದೇ ತುಂಡು ಎಬೊನಿ ಮರದೊಳಗೆ ಅಲಗಿನ ಬಾಲವನ್ನು ತೂರಿಸಿ ಕೂರಿಸುವುದು ಹಳೆಯ ಕ್ರಮ. ಇದನ್ನು ನೋಜಾನ್ ಮಾದರಿ ಎನ್ನುತ್ತಾರೆ. ಹಿಡಿಯ ಉದ್ದಕ್ಕೂ ಉಕ್ಕಿನ ಪಟ್ಟಿಯಿದ್ದು, ಅದರ ಎರಡು ಪಕ್ಕಗಳಿಗೆ ಮರದ ಹಲಗೆಗಳನ್ನು ಮೂರು ರಿವೆಟ್‌ಗಳಿಂದ ಬಿಗಿದಿರುವುದು ಹೆಚ್ಚು ಪರಿಚಿತವಾದ ಇನ್ನೊಂದು ಮಾದರಿ.

ಕೊಳ್ಳುವಾಗಿನ ಪರೀಕ್ಷೆ

ಹಳೆಯ ಚಾಕುವಿನ ದೋಷಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ತುಕ್ಕು. ಆದರೆ ಕೆಂಪು ತುಕ್ಕಿನ ಪದರ, ಕಪ್ಪು ಕಲೆ, ಸಡಿಲವಾದ ಹಿಡಿ, ಮುರಿದ ಮೊನೆಯ ತುದಿ, ಬಾಯಿಯ ಸಣ್ಣ ಕಚ್ಚುಗಳು ಎಲ್ಲವೂ ಸರಿಪಡಿಸಬಹುದಾದವು. ಇವುಗಳಿಂದಾಗಿಯೇ ಒಳ್ಳೆಯ ಚಾಕು ಕಡಿಮೆ ಬೆಲೆಗೆ ಸಿಗುವುದುಂಟು. ಥಳಥಳ ಹೊಳೆಯುವಂತೆ ಉಜ್ಜಿ ಮಾರಾಟಕ್ಕಿಟ್ಟ ಚಾಕುವಿನ ಬಗ್ಗೆಯೇ ಹೆಚ್ಚು ಎಚ್ಚರ ಅಗತ್ಯ.

ಸರಿಪಡಿಸಲಾಗದ ದೋಷಗಳಲ್ಲಿ ಮೊದಲನೆಯದು ಹದ ಕೆಟ್ಟ ಉಕ್ಕು. ಉಕ್ಕನ್ನು ಕೆಂಪಗೆ ಕಾಯಿಸಿ ತಟಕ್ಕನೆ ತಣಿಸಿದಾಗ ಅದು ಗಡಸಾಗುತ್ತದೆ. ಬಳಿಕ ಹಿತಮಿತವಾಗಿ ಮತ್ತೆ ಕಾಯಿಸಿ ಅದಕ್ಕೆ ಹದ ನೀಡಲಾಗುತ್ತದೆ. ನೀರಿಲ್ಲದೆ ವೇಗವಾಗಿ ತಿರುಗುವ ವಿದ್ಯುತ್ ಸಾಣೆಗೆ ಅಲಗನ್ನು ಒತ್ತಿ ಹಿಡಿದರೆ ತೆಳುವಾದ ಬಾಯಿ ಕ್ಷಣಮಾತ್ರದಲ್ಲಿ ಕಾದು ಆ ಹದ ಹಾಳಾಗುತ್ತದೆ. ಕಾಯುವ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣಕ್ಕೂ, ನಂತರ ಕಂದು ಮತ್ತು ನೇರಳೆಗೂ, 300 ಡಿಗ್ರಿಯ ಆಸುಪಾಸಿನಲ್ಲಿ ನೀಲಿಗೂ ತಿರುಗುತ್ತದೆ. ಬಾಯಿಯ ಗುಂಟ ಈ ಬಣ್ಣಗಳು ಪಟ್ಟಿಯಂತೆ ಒಂದರ ಪಕ್ಕ ಒಂದು ಕಾಣಿಸಿದರೆ ಆ ಭಾಗ ಮೆತ್ತಗಾಗಿದೆ ಎಂದರ್ಥ. ಬಳಕೆಯಿಂದ ಬರುವ ನೀಲಿ ಛಾಯೆ ಬೇರೆ. ಅದು ಅಲಗಿನ ಮುಖದ ಮೇಲೆ ಮೋಡದಂತೆ ಕ್ರಮವಿಲ್ಲದೆ ಹರಡಿರುತ್ತದೆ, ಅದರಿಂದ ತೊಂದರೆಯಿಲ್ಲ. ಪಾಲಿಶ್ ಮಾಡಿದರೆ ಸುಟ್ಟ ಬಣ್ಣ ಅಳಿದುಹೋಗುತ್ತದೆ, ಮೆತ್ತಗಾದ ಉಕ್ಕು ಮಾತ್ರ ಹಾಗೆಯೇ ಉಳಿಯುತ್ತದೆ. ಮಸೆದ ನಂತರವೂ ಒಂದೇ ಜಾಗದಲ್ಲಿ ಬಾಯಿ ಪದೇ ಪದೇ ಮಡಿಚಿಕೊಂಡರೆ ಇದೇ ಕಾರಣವಿರಬಹುದು. ಸುಟ್ಟ ಪಟ್ಟಿ ಕಿರಿದಾಗಿದ್ದರೆ ಅಷ್ಟನ್ನು ನಿಧಾನವಾಗಿ ಮಸೆದು ತೆಗೆದು ಕೆಳಗಿನ ಒಳ್ಳೆಯ ಉಕ್ಕನ್ನು ತಲುಪಬಹುದು.

ಎರಡನೆಯದು ಬಿರುಕು. ಬಾಯಿಯಿಂದ ಬೆನ್ನಿನ ಕಡೆಗೆ ಸಾಗುವ ಕೂದಲೆಳೆಯಂತಹ ಬಿರುಕಿರುವ ಚಾಕುವನ್ನು ಕೊಳ್ಳಬಾರದು, ಅದು ಬಳಕೆಯ ನಡುವೆಯೇ ಮುರಿಯಬಹುದು. ಮೂರನೆಯದು ಬಾಯಿಯ ಅಂಚಿನಲ್ಲೇ ಆಳವಾಗಿ ಕೊರೆದ ತುಕ್ಕಿನ ಗುಳಿಗಳು. ಅಲಗಿನ ಮುಖದ ಮೇಲಿರುವ ಗುಳಿಗಳಿಂದ ಅಂದಕ್ಕೆ ಮಾತ್ರ ಕುಂದು. ಬಾಯಿಯ ಹತ್ತಿರದ ಗುಳಿಗಳು ಮಸೆದಂತೆಲ್ಲ ಹೊಸ ಹಲ್ಲುಗಳಂತೆ ತೆರೆದುಕೊಳ್ಳುತ್ತವೆ.

ಈ ಮಾದರಿಯ ಚಾಕುಗಳಿಗೇ ವಿಶಿಷ್ಟವಾದ ಇನ್ನೊಂದು ದೋಷವಿದೆ. ಅಲಗು ಹಿಡಿಯನ್ನು ಸೇರುವಲ್ಲಿ ದಪ್ಪನೆಯ ಉಕ್ಕಿನ ಗಂಟೊಂದು ಇರುತ್ತದೆ. ಹಲವು ಚಾಕುಗಳಲ್ಲಿ ಅದು ಅಲಗಿನ ಹಿಮ್ಮಡಿಯ ತನಕ ಇಳಿದಿರುತ್ತದೆ. ದಶಕಗಳ ಕಾಲ ಮಸೆದಾಗ ಬಾಯಿ ಸವೆಯುತ್ತದೆ, ಆದರೆ ಈ ಗಂಟು ಸವೆಯದೆ ಕೆಳಗೆ ಚಾಚಿಕೊಳ್ಳುತ್ತದೆ. ಆಗ ಚಾಕುವನ್ನು ಹಲಗೆಯ ಮೇಲಿಟ್ಟರೆ ಗಂಟು ಮಾತ್ರ ತಾಗಿ, ಅದರ ಮುಂದಿನ ಭಾಗ ಹಲಗೆಯನ್ನು ಮುಟ್ಟುವುದೇ ಇಲ್ಲ. ಹೆಚ್ಚಿದ ಈರುಳ್ಳಿಯ ಹೋಳುಗಳು ಬಿಡಿಯಾಗದೆ ಸರದಂತೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಸಮತಟ್ಟಾದ ಹಲಗೆಯ ಮೇಲೆ ಬಾಯಿಯನ್ನು ನಿಲ್ಲಿಸಿ ಬೆಳಕಿಗೆ ಎದುರಾಗಿ ನೋಡಿದರೆ ಈ ಸಂದು ತಿಳಿಯುತ್ತದೆ. ಗಂಟಿನ ಕೆಳತುದಿಯನ್ನು ಅರದಿಂದ ಉಜ್ಜಿ ತಗ್ಗಿಸಿ ಬಾಯಿಯನ್ನು ಸಮಗೊಳಿಸುವುದು ಸಾಧ್ಯ, ಆದರೆ ಅದು ತಾಳ್ಮೆ ಬೇಡುವ ಕೆಲಸ.

ಮೂಲದಲ್ಲಿ ಅಗಲವಾಗಿದ್ದ ಅಲಗು ಸವೆದು ಕಿರಿದಾಗಿದ್ದರೆ ಬಾಯಿ ಬೆನ್ನಿನ ಕಡೆಯ ದಪ್ಪ ಭಾಗವನ್ನು ತಲುಪಿರುತ್ತದೆ. ಅಂತಹ ಚಾಕು ಎಷ್ಟು ಹರಿತವಾಗಿದ್ದರೂ ಗಜ್ಜರಿಯನ್ನು ಕೊಯ್ಯುವ ಬದಲು ಸೀಳುತ್ತದೆ. ಮುಚ್ಚಿದ ಹೋಟೆಲುಗಳಿಂದ ಬರುವ ಚಾಕುಗಳಲ್ಲಿ ಈ ಸವೆತ ಸಾಮಾನ್ಯ. ಮನೆಗಳಿಂದ ಬರುವ ಚಾಕುಗಳಲ್ಲಿ ಪುಟ್ಟವು ಹೆಚ್ಚು ಸವೆದಿರುತ್ತವೆ. 25–30 ಸೆಂಟಿಮೀಟರ್ ಉದ್ದದ ದೊಡ್ಡವು ಅಷ್ಟಾಗಿ ಬಳಕೆಯಾಗದೆ ಚೆನ್ನಾಗಿ ಉಳಿದಿರುವುದುಂಟು.

ಸ್ವಚ್ಛಗೊಳಿಸುವಿಕೆ

ಕೆಂಪು ತುಕ್ಕನ್ನು ಎಣ್ಣೆ ಹಚ್ಚಿ, ನೀರಿನಲ್ಲಿ ಬಳಸುವ ನಯವಾದ ಉಪ್ಪುಕಾಗದದಿಂದ ಅಲಗಿನ ಉದ್ದಕ್ಕೆ ಉಜ್ಜಿ ತೆಗೆಯಲಾಗುತ್ತದೆ. ಕಾಗದವನ್ನು ಬೆಂಡಿನ ತುಂಡಿಗೆ ಸುತ್ತಿಕೊಂಡು, ಅಲಗನ್ನು ಹಲಗೆಯ ಮೇಲೆ ಮಲಗಿಸಿ, ಬೆನ್ನಿನಿಂದ ಬಾಯಿಯ ಹೊರಗಡೆಗೆ ಕೈ ಸರಿಸದಿದ್ದರೆ ಬೆರಳಿಗೆ ಗಾಯವಾಗುವ ಅಪಾಯ ಕಡಿಮೆ. ಹೆಚ್ಚು ತುಕ್ಕಿದ್ದರೆ ಅಲಗನ್ನು ಮಾತ್ರ ವಿನೆಗರಿನಲ್ಲಿ ಸ್ವಲ್ಪ ಹೊತ್ತು ಇಡುವುದುಂಟು. ರಾತ್ರಿಯಿಡೀ ಬಿಟ್ಟರೆ ಆಮ್ಲ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ಆಮ್ಲದಿಂದ ತೆಗೆದ ಅಲಗನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ತಕ್ಷಣ ಒರೆಸಬೇಕು.

ಬೂದು ಅಥವಾ ಕಪ್ಪು ಪದರವನ್ನು ತೆಗೆಯುವ ಅಗತ್ಯವಿಲ್ಲ. ಅದು ಉಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿರುವ ಆಕ್ಸೈಡ್ ಆಗಿದ್ದು, ಕೆಂಪು ತುಕ್ಕು ಬರುವುದನ್ನು ತಡಮಾಡುತ್ತದೆ. ಹಿಂದೆ ಚಾಕುವನ್ನು ಯಾವ ಕೆಲಸಕ್ಕೆ ಬಳಸಿದ್ದರೆಂಬುದು ತಿಳಿಯದ ಕಾರಣ, ಬಣ್ಣ ಅಥವಾ ಡಾಂಬರಿನ ಕುರುಹು ಇರುವ ಚಾಕುವನ್ನು ಅಡುಗೆಗೆ ತೆಗೆದುಕೊಳ್ಳದಿರುವುದು ಲೇಸು. ಉಳಿದವನ್ನು ಸಾಬೂನಿನಿಂದ ತೊಳೆದು ಅಲಗಿನ ಮೇಲೆ ಕುದಿಯುವ ನೀರು ಸುರಿದರೆ ಸಾಕಾಗುತ್ತದೆ. ಮರದ ಹಿಡಿಯನ್ನು ನೀರಿನಲ್ಲಿ ನೆನೆಸಬಾರದು.

ಹಿಡಿಗಳ ವಿಷಯದಲ್ಲಿ ಒಂದು ಮಾತು. ಹಳೆಯ ಶೆಫೀಲ್ಡ್ ಮೇಜಿನ ಚಾಕುಗಳಲ್ಲಿ ಆನೆದಂತದ ಹಿಡಿಗಳೂ, ಅದನ್ನು ಹೋಲುವ ಸೆಲ್ಯುಲಾಯ್ಡ್ ಹಿಡಿಗಳೂ ಇವೆ. ಆನೆದಂತದ ವ್ಯಾಪಾರ ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ನಿಷಿದ್ಧ. ಸೆಲ್ಯುಲಾಯ್ಡ್ ಬೇಗನೆ ಬೆಂಕಿ ಹೊತ್ತಿಕೊಳ್ಳುವ ವಸ್ತು, ಹಳತಾದಂತೆ ಅದರಿಂದ ಹೊರಡುವ ಆಮ್ಲೀಯ ಆವಿ ಪಕ್ಕದ ಲೋಹವನ್ನೂ ಕೆಡಿಸುತ್ತದೆ.

ಮಸೆಯುವಿಕೆ ಮತ್ತು ಬಳಕೆ

ಬಾಯಿ ಕಚ್ಚುಗಳಿಂದ ಕೂಡಿದ್ದರೆ ಒರಟು ಕಲ್ಲಿನಿಂದ ಆರಂಭಿಸಿ, ನಂತರ 1000 ಸಂಖ್ಯೆಯ ನೀರುಗಲ್ಲಿನ ಮೇಲೆ ಪ್ರತಿ ಪಕ್ಕಕ್ಕೆ 15–20 ಡಿಗ್ರಿ ಕೋನದಲ್ಲಿ ಮಸೆಯಲಾಗುತ್ತದೆ. ಒಂದು ಪಕ್ಕವನ್ನು ಮಸೆದಾಗ ಎದುರು ಪಕ್ಕದಲ್ಲಿ ಉಕ್ಕಿನ ಸೂಕ್ಷ್ಮ ಎಳೆಯೊಂದು ಎದ್ದಿರುವುದು ಬೆರಳಿಗೆ ತಿಳಿಯುತ್ತದೆ. ಅದು ಹಿಮ್ಮಡಿಯಿಂದ ಮೊನೆಯವರೆಗೂ ಎದ್ದ ಮೇಲೆ ಚಾಕುವನ್ನು ತಿರುಗಿಸಿ, ಕೊನೆಯಲ್ಲಿ ಹಗುರವಾಗಿ ಸವರಿ ಆ ಎಳೆಯನ್ನು ತೆಗೆಯಬೇಕು. ಬೀದಿಯ ಸಾಣೆಯವರಲ್ಲಿ ಕೊಡುವುದಾದರೆ ಚಕ್ರಕ್ಕೆ ಹಗುರವಾಗಿ ತಾಗಿಸಿ, ಅಲಗನ್ನು ಆಗಾಗ ನೀರಿಗೆ ಅದ್ದುವಂತೆ ಕೇಳಿಕೊಳ್ಳುವುದು ಅಗತ್ಯ.

ಹೊಸದಾಗಿ ಉಜ್ಜಿದ ಅಲಗು ಮೊದಲ ಕೆಲವು ದಿನ ಈರುಳ್ಳಿ, ನಿಂಬೆ, ಮಾವಿನಕಾಯಿಗಳಿಗೆ ಕಬ್ಬಿಣದ ವಾಸನೆಯನ್ನೂ ಕಪ್ಪು ಕಲೆಯನ್ನೂ ಅಂಟಿಸುತ್ತದೆ. ಮೇಲ್ಪದರ ನೆಲೆಗೊಂಡಂತೆ ಇದು ಕಡಿಮೆಯಾಗುತ್ತದೆ. ಹುಳಿ ಪದಾರ್ಥ ಹೆಚ್ಚಿದ ಕೂಡಲೇ ಅಲಗನ್ನು ಒರೆಸುವುದು, ಬಳಸಿದ ನಂತರ ಸಿಂಕಿನಲ್ಲಿ ಬಿಡದೆ ತೊಳೆದು ಒಣಗಿಸುವುದು ಈ ಚಾಕುಗಳ ಮಟ್ಟಿಗೆ ಕಡ್ಡಾಯ. ಪಾತ್ರೆ ತೊಳೆಯುವ ಯಂತ್ರ ಇವುಗಳಿಗೆ ಆಗದು. ಮೂಳೆ, ತೆಂಗಿನ ಚಿಪ್ಪು, ಹೆಪ್ಪುಗಟ್ಟಿದ ಮಾಂಸಗಳಿಗೆ ತೆಳು ಬಾಯಿ ತಾಳುವುದಿಲ್ಲ. ಗಾಜು ಅಥವಾ ಗ್ರಾನೈಟ್ ಹಲಗೆಯ ಮೇಲೆ ಹರಿತ ಬೇಗನೆ ಹೋಗುತ್ತದೆ. ದೀರ್ಘಕಾಲ ಎತ್ತಿಡುವಾಗ ಖಾದ್ಯಯೋಗ್ಯ ಖನಿಜ ತೈಲ ಅಥವಾ ಕೊಬ್ಬರಿ ಎಣ್ಣೆಯ ತೆಳುಲೇಪ ನೀಡಲಾಗುತ್ತದೆ. ಚರ್ಮದ ಒರೆ ತೇವವನ್ನು ಹಿಡಿದಿಡುವುದರಿಂದ ಅದರಲ್ಲಿ ಇಡುವುದು ಸರಿಯಲ್ಲ.

ಈಳಿಗೆಮಣೆಯೊಂದಿಗೆ ಸಾಮ್ಯ

ಕರ್ನಾಟಕದ ಮನೆಗಳ ಹಳೆಯ ಈಳಿಗೆಮಣೆ, ಕರಾವಳಿಯವರ ಮೆಟ್ಟುಕತ್ತಿ, ಆಕಾರದಲ್ಲಿ ಸಬಾತಿಯೆ ಚಾಕುವಿಗೆ ತೀರ ದೂರವಾದರೂ ಲೋಹದ ಸ್ವಭಾವದಲ್ಲಿ ಹತ್ತಿರವಾದುದು. ಕಮ್ಮಾರರು ಬಡಿದು ಮಾಡಿದ ಅದರ ಅಲಗೂ ತುಕ್ಕು ಹಿಡಿಯುವಂಥದೇ. ಬಾಳೆಕಾಯಿ, ಬಾಳೆಹೂವುಗಳನ್ನು ಹೆಚ್ಚಿದಾಗ ಅಲಗೂ ಹೋಳೂ ಕಪ್ಪಾಗುವುದು, ಹೋಳುಗಳನ್ನು ಮಜ್ಜಿಗೆ ನೀರಿಗೆ ಹಾಕುವುದು, ಕೆಲಸ ಮುಗಿದೊಡನೆ ಅಲಗನ್ನು ಒರೆಸಿಡುವುದು ಇಂತಹ ಉಕ್ಕಿನೊಡನೆ ಬಾಳಿದವರಿಗೆ ಪರಿಚಿತ ಸಂಗತಿಗಳು. ಅಜ್ಜಿಯ ಕಾಲದ ಈಳಿಗೆಮಣೆಯನ್ನು ಅಟ್ಟದಿಂದ ಇಳಿಸಿ ಮತ್ತೆ ಬಳಕೆಗೆ ತರುವವರಿಗೂ ಬಿರುಕು, ಗುಳಿ ಮತ್ತು ಸುಟ್ಟ ಬಾಯಿಯ ಕುರಿತ ಮೇಲಿನ ಪರೀಕ್ಷೆಗಳು ಅನ್ವಯಿಸುತ್ತವೆ. ಅದರಲ್ಲಿ ಹೆಚ್ಚುವರಿಯಾಗಿ ನೋಡಬೇಕಾದುದು ಅಲಗನ್ನು ಮಣೆಗೆ ಕೂರಿಸಿದ ಜಾಗ. ಒಣಗಿದ ಮರದಲ್ಲಿ ಅಲಗು ಅಲುಗಾಡುತ್ತಿದ್ದರೆ ಬಡಗಿಯಿಂದ ಬಿಗಿಗೊಳಿಸದೆ ಬಳಸುವುದು ಅಪಾಯಕರ.